ಎಂಟನೇ ಬಟ್ಟಲಿನ ಹೃದಯ

ಬಾಲಿಗಂಜ್, ಕೋಲ್ಕತ್ತಾ
18 ಫೆಬ್ರುವರಿ 2025

ಪ್ರೀತಿಯ ಪ್ರಾಣೇಶ ಮಾಮಾ,

ಫೋನಿದ್ದೂ ಕಾಗದ ಬರೆಯುತ್ತಿರುವುದಕ್ಕೆ ಕಾರಣ ನಿಮ್ಮ ಅಕ್ಕ, ಅಂದರೆ ನನ್ನ ಅಮ್ಮ. ನಾನು ಫೋನ್ ಮಾಡಿದರೆ ನೀವು ಸ್ಪೀಕರ್ ಹಾಕುತ್ತೀರಿ, ಪಕ್ಕದ ಮನೆಯಿಂದ ಅವಳು ಓಡಿ ಬರುತ್ತಾಳೆ, ಆಮೇಲೆ ಮಾತು ನನ್ನ ಊಟ, ನನ್ನ ಕೂದಲು, ನನ್ನ ಮದುವೆ ಎಂಬ ಮೂರು ನಿಲ್ದಾಣ ಬಿಟ್ಟು ಮುಂದೆ ಹೋಗುವುದಿಲ್ಲ. ಈ ಸುದ್ದಿ ನಿಮಗೊಬ್ಬರಿಗೇ.

ಹೋದ ಆಗಸ್ಟಿನಲ್ಲಿ ನೀವು ಇಲ್ಲಿಗೆ ಬಂದಾಗ ನಮ್ಮ ಪ್ರಯೋಗಾಲಯದ ದೇವೇಂದ್ರ-ದಾ ನಿಮ್ಮ ತೋಳಿನಿಂದ ರಕ್ತ ತೆಗೆದದ್ದು, ನೀವು “ಧಾರವಾಡದ ಮಾಲು, ನೀರು ಬೆರೆಸಿಲ್ಲ” ಎಂದದ್ದು ನೆನಪಿದೆಯಲ್ಲ? ಅದೇ ದಿನ ನಾನೂ ಕೊಟ್ಟಿದ್ದೆ. ಹೃದ್ರೋಗಿಗಳ ರಕ್ತದ ಜೊತೆ ಹೋಲಿಸಲು ಆರೋಗ್ಯವಂತರ ರಕ್ತ ಬೇಕು. ಆರೋಗ್ಯವಂತರು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಆದ್ದರಿಂದ ನಮ್ಮಲ್ಲಿ ನಡೆದುಬಂದ ಪದ್ಧತಿಯೆಂದರೆ, ಕೆಲಸ ಮಾಡುವವರು ತಮ್ಮ ತೋಳನ್ನೂ, ತಮ್ಮನ್ನು ನೋಡಲು ಬಂದ ಪಾಪದ ನೆಂಟರ ತೋಳನ್ನೂ ಮುಂದೆ ಚಾಚುವುದು.

ಆ ರಕ್ತದ ಕೋಶಗಳನ್ನು ನಾವು ಹಿಂದಕ್ಕೆ, ಅವು ಇನ್ನೂ ಏನೂ ಆಗಿರದಿದ್ದ ಎಳೆತನಕ್ಕೆ ಕರೆದೊಯ್ದು, ಅಲ್ಲಿಂದ “ಇನ್ನು ಮುಂದೆ ನೀವು ಹೃದಯ” ಎಂದು ಪಾಠ ಹೇಳಿ ಬೆಳೆಸಿದೆವು. ಹನ್ನೆರಡು ಆರೋಗ್ಯವಂತರು, ಹನ್ನೆರಡು ಗಾಜಿನ ಬಟ್ಟಲು. ಮೊನ್ನೆ ಬಡಿಯಲು ಶುರು ಮಾಡಿದವು, ಮಾಮಾ! ಸಾಸಿವೆ ಕಾಳಿಗಿಂತ ಸಣ್ಣ ಚೂರು, ಯಾರೂ ಹೇಳದೆ, ತನ್ನಷ್ಟಕ್ಕೆ ತಾನೇ ಮಿಡಿಯುತ್ತದೆ. ನಮ್ಮ ಮುಖ್ಯಸ್ಥೆ ನಮ್ರತಾ-ದಿ ಸೂಕ್ಷ್ಮದರ್ಶಕದ ಮುಂದೆಯೇ ಎಲ್ಲರಿಗೂ ಸಂದೇಶ್ ಮಿಠಾಯಿ ಹಂಚಿ, ತಿನ್ನಬಾರದ ಕೋಣೆಯಲ್ಲಿ ತಿಂದದ್ದಕ್ಕೆ ತಾನೇ ಎಲ್ಲರನ್ನೂ ಬೈದಳು.

ಇನ್ನು ಮುಂದಿನ ಕೆಲಸ ದೊಡ್ಡದು. ಬಟ್ಟಲಿನ ಬಡಿತವನ್ನು ಅಳೆದು, ಕಂಪ್ಯೂಟರಿನಲ್ಲಿ ಸಮೀಕರಣಗಳಿಂದ ಕಟ್ಟಿದ ಇನ್ನೊಂದು ಹೃದಯದ ಜೊತೆ ತಾಳೆ ನೋಡಬೇಕು. ಅದಕ್ಕೆ ಒಬ್ಬ ವೈದ್ಯ, ಒಬ್ಬ ಭೌತಶಾಸ್ತ್ರಜ್ಞ, ಒಬ್ಬ ಇಂಜಿನಿಯರ್, ನಾನು. ನಾಲ್ವರೂ ನಾಲ್ಕು ಭಾಷೆಯಲ್ಲಿ ಜಗಳವಾಡುತ್ತೇವೆ. ಯಾವ ಬಟ್ಟಲು ಯಾರದು ಎಂದು ಹೇಳುವಂತಿಲ್ಲ, ಬರೀ ನಂಬರು. ಅಂತೂ ನಿಮ್ಮ ಹೃದಯವೂ ಇಲ್ಲೇ ಎಲ್ಲೋ ಇದೆ, ಕ್ಷೇಮ.

ಇನ್ನೊಂದು, ಅಮ್ಮನಿಗೆ ಬೇಡ. ನಿನ್ನೆ ಹೌರಾ ಕಡೆಯಿಂದ ಬರುತ್ತ, ನದಿ ದಾಟಿಸುವ ಫೆರಿಯ ಭೋಂಪು ಕಿವಿಯ ಪಕ್ಕದಲ್ಲೇ ಕೂಗಿದ್ದಕ್ಕೆ ಮೆಟ್ಟಿಲ ಮೇಲೆ ಕಣ್ಣು ಕತ್ತಲಾಗಿ ಕುಸಿದೆ. ಮಧ್ಯಾಹ್ನ ಊಟ ಮಾಡಿರಲಿಲ್ಲ. ಯಾರೋ ಹಿರಿಯರು ನಿಂಬೆ ಶರಬತ್ತು ಕುಡಿಸಿ, ಬಂಗಾಳಿಯಲ್ಲಿ ಅಮ್ಮನಷ್ಟೇ ಚೆನ್ನಾಗಿ ಬೈದರು.

ಚಿನ್ಮಯಿ

—

ಧಾರವಾಡ
28 ಫೆಬ್ರುವರಿ 2025

ಚಿ. ಚಿನ್ಮಯಿಗೆ ಮಾಮಾನ ಆಶೀರ್ವಾದ.

ನಿನ್ನ ಕಾಗದ ಓದಿ, ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ಇಲ್ಲಿಯೂ ಒಂದು ಇದೆ. ಒಬ್ಬನೇ ಮನುಷ್ಯನಿಗೆ ಎರಡು ಊರುಗಳಲ್ಲಿ ಹೃದಯ ಇರುವುದು ನ್ಯಾಯವೋ ಅಲ್ಲವೋ, ವಕೀಲರನ್ನು ಕೇಳಬೇಕು. ಮಾಮಿಗೆ ಹೇಳಿದೆ. “ಮೂವತ್ತು ವರ್ಷದಾಗ ನನಗ ಕಾಣಲಾರದ್ದು ಕೋಲ್ಕತ್ತಾದಾಗ ಕಂಡಿತೇನು?” ಅಂದಳು.

ಹೋದ ರವಿವಾರ ನಮ್ಮ ವಿಚಾರ ವೇದಿಕೆಯಲ್ಲಿ ಅಂಕಿಗಳ ಶಕುನದ ಮೇಲೆ ನನ್ನ ಭಾಷಣವಿತ್ತು. ಎಂದಿನಂತೆ ರಾಹುಕಾಲಕ್ಕೆ ಸರಿಯಾಗಿ, ಸಂಜೆ ನಾಲ್ಕೂವರೆಗೆ ಆರಂಭಿಸಿದೆವು. ಹದಿನಾಲ್ಕು ಜನ ಬಂದಿದ್ದರು, ಅವರಲ್ಲಿ ಒಂಬತ್ತು ಜನ ಸಭೆ ನಡೆದ ಮಳಿಗೆಯ ನೆರಳಿಗೆ ಬಂದವರು. ನಿನ್ನ ಬಟ್ಟಲುಗಳ ಕತೆ ಹೇಳಿದೆ. ಬಟ್ಟಲಿಗೆ ಯಾವ ನಂಬರು ಹಚ್ಚಿದರೇನು, ಹೃದಯಕ್ಕೆ ಅಂಕಿ ಓದಲು ಬರುತ್ತದೆಯೇ ಎಂದು ಕೇಳಿದೆ. ಚಪ್ಪಾಳೆ ಬಿತ್ತು. ನನ್ನ ನಂಬರು ಎಷ್ಟೆಂದು ನಾನು ಕೇಳುವುದಿಲ್ಲ. ನೀನೂ ಹೇಳಬೇಡ. ಅಂಥ ವಿಷಯದಲ್ಲಿ ನನಗೆ ಕಿಂಚಿತ್ತೂ ಕುತೂಹಲವಿಲ್ಲ.

ಫೆರಿಯ ವಿಷಯ ನನಗೆ ಹಿಡಿಸಲಿಲ್ಲ. ಒಬ್ಬರ ಹೃದಯಕ್ಕೆ ಅನ್ನ ಹಾಕಿ ಬೆಳೆಸುವವಳು ತನ್ನ ಹೊಟ್ಟೆಗೆ ಹಾಕಬಾರದೇನು? ಅಕ್ಕನಿಗೆ ಹೇಳಿಲ್ಲ. ಇನ್ನೊಮ್ಮೆ ಬಿದ್ದರೆ ಹೇಳುತ್ತೇನೆ. ಇದನ್ನು ಬೆದರಿಕೆ ಎಂದೇ ತಿಳಿ.

ನಿನ್ನ ಮಾಮಾ,
ಪ್ರಾಣೇಶ

—

ಬಾಲಿಗಂಜ್
10 ಮಾರ್ಚ್ 2025

ಮಾಮಾ,

ಚೆನ್ನಾಗಿದ್ದೀರಾ? ನಿಜವಾಗಿ ಕೇಳುತ್ತಿದ್ದೇನೆ, ಕಾಗದದ ಮೊದಲ ಸಾಲಿಗೆ ಬೇಕು ಎಂದಲ್ಲ.

ಇಲ್ಲೊಂದು ಫಾರಂ ತುಂಬಬೇಕಾಗಿದೆ. ರಕ್ತ ಕೊಟ್ಟ ಎಲ್ಲರಿಗೂ ಇದೆ, ನಿಮಗೊಬ್ಬರಿಗೇ ಅಲ್ಲ. ನಿಮಗೆ ಯಾವಾಗಲಾದರೂ ಇದ್ದಕ್ಕಿದ್ದಂತೆ ತಲೆ ಸುತ್ತಿ ಬಿದ್ದದ್ದಿದೆಯಾ? ಓಡುವಾಗ, ಈಜುವಾಗ, ಜೋರು ಸದ್ದಿಗೆ ಬೆಚ್ಚಿದಾಗ? ನಮ್ಮ ಅಮ್ಮನ ಕಡೆಯಲ್ಲಿ ಯಾರಾದರೂ ನಲವತ್ತರ ಒಳಗೆ, ಕಾಯಿಲೆ ಏನೂ ಇಲ್ಲದೆ, ದಿಢೀರನೆ ಹೋದದ್ದಿದೆಯಾ? ಗೊತ್ತಿಲ್ಲದಿದ್ದರೆ ಹಿರಿಯರನ್ನು ಕೇಳಿ. ಅಮ್ಮನನ್ನು ಮಾತ್ರ ಕೇಳಬೇಡಿ, ಸುಮ್ಮನೆ ಹೆದರುತ್ತಾಳೆ. ಹೆದರುವಂಥದ್ದು ಏನೂ ಇಲ್ಲ.

ಇನ್ನೊಂದು. ಶೀತಕ್ಕೋ ಗಂಟಲಿಗೋ ಹೊಟ್ಟೆಗೋ ಡಾಕ್ಟರು ಹೊಸದಾಗಿ ಏನೇ ಬರೆದುಕೊಟ್ಟರೂ ಮೊದಲು ನನಗೆ ಹೆಸರು ತಿಳಿಸಿ, ಆಮೇಲೆ ನುಂಗಿ. ಇದಕ್ಕೆ ಜೋಕು ಮಾಡಬೇಡಿ ಮಾಮಾ. ಬೇಗ ಉತ್ತರ ಬರೆಯಿರಿ.

ಚಿನ್ಮಯಿ

—

ಧಾರವಾಡ
18 ಮಾರ್ಚ್ 2025

ಚಿ. ಚಿನ್ಮಯಿಗೆ,

ನಿನ್ನ ಫಾರಮ್ಮಿನ ಗುಟ್ಟು ಅರ್ಥವಾಯಿತು. ಮಾಮಿ ಕಾಗದ ಓದಿದ ಕೂಡಲೇ ಹೇಳಿದಳು: “ಇದು ಜಾತಕ ಕೂಡಿಸೂದ ಹೊಸ ಪದ್ಧತಿ. ಹುಡುಗನ ಕಡೆಯವರು ಡಾಕ್ಟರ್ ಮಂದಿ ಇರಬೇಕು.” ಒಪ್ಪಿಕೋ. ಬಂಗಾಳಿಯೇ? ಮೀನು ತಿನ್ನುವವನೇ? ಹಿಂದಿನವರು ನಕ್ಷತ್ರ ಕೇಳುತ್ತಿದ್ದರು, ಇವರು ಯಾರು ಯಾವಾಗ ಸತ್ತರೆಂದು ಕೇಳುತ್ತಾರೆ. ನಮ್ಮ ವೇದಿಕೆಯ ಪರವಾಗಿ ಈ ಸುಧಾರಣೆಯನ್ನು ಸ್ವಾಗತಿಸುತ್ತೇನೆ.

ಇನ್ನು ಉತ್ತರ. ಪ್ರಾಣೇಶ, ಅರವತ್ತು ವರ್ಷ, ನಿವೃತ್ತ ಗಣಿತ ಮಾಸ್ತರ. ಇದುವರೆಗೆ ಎಲ್ಲಿಯೂ ಬಿದ್ದಿಲ್ಲ, ಹೆಂಡತಿಯ ಕಣ್ಣಿನಲ್ಲಿ ಒಂದೆರಡು ಸಲ ಬಿದ್ದದ್ದು ಬಿಟ್ಟರೆ. ತಲೆ ಸುತ್ತುವುದಿಲ್ಲ. ಹೆದರಿಕೆಯೂ ಇಲ್ಲ. ಬರೆದುಕೋ.

ಮನೆತನದಲ್ಲಿ ಒಬ್ಬಳಿದ್ದಳು, ನನ್ನ ಅವ್ವನ ತಂಗಿ. ಹತ್ತೊಂಬತ್ತು ವರ್ಷ, ಮದುವೆ ನಿಶ್ಚಯವಾಗಿತ್ತು. ನನಗಾಗ ಆರು, ನಿನ್ನ ಅಮ್ಮನಿಗೆ ಎಂಟು. ಮೌಶಿ ಅಟ್ಟದ ಕೆಳಗೆ ಕೂತು ಹೂ ಕಟ್ಟುತ್ತಿದ್ದಳು, ಅಕ್ಕ ಅವಳ ಪಕ್ಕದಲ್ಲಿ. ಅಟ್ಟದ ಮೇಲಿನ ತಾಮ್ರದ ಹಂಡೆ ಉರುಳಿ ಬಿತ್ತು. ಮೈಮೇಲಲ್ಲ, ಎರಡು ಮಾರು ದೂರದಲ್ಲಿ. ಸದ್ದಷ್ಟೇ. ಮೌಶಿ ತಲೆಯೆತ್ತಿ ನೋಡಿದಳಂತೆ, ಪಕ್ಕಕ್ಕೆ ಒರಗಿದಳಂತೆ. ಮತ್ತೆ ಏಳಲಿಲ್ಲ. ಅಂಜಿ ಸತ್ತಳು ಎಂದರು. ಅಟ್ಟದಲ್ಲಿ ಏನೋ ಇತ್ತೆಂದೂ ಹೇಳಿದರು. ಅಕ್ಕ ಒಂದು ತಿಂಗಳು ಮಾತಾಡಲಿಲ್ಲ, ನಾನು ಹಂಡೆಯ ಸೊಟ್ಟವನ್ನು ತೋರಿಸಿ ಗೆಳೆಯರಿಂದ ಗೋಲಿ ಗಳಿಸಿದೆ.

ಇದನ್ನು ಇದುವರೆಗೆ ಯಾರಿಗೂ ಬರೆದಿರಲಿಲ್ಲ. ಬರೆದು ನೋಡಿದರೆ ತಮಾಷೆಯಾಗಿ ಬರಲಿಲ್ಲ. ಹುಡುಗನ ಕಡೆಯವರಿಗೆ ಇದನ್ನು ಹೇಳಬೇಡ.

ಮಾಮಾ

—

ಬಾಲಿಗಂಜ್
26 ಮಾರ್ಚ್ 2025

ಮಾಮಾ,

ಹುಡುಗ ಇಲ್ಲ. ಫಾರಂ ಕೂಡ ಇಲ್ಲ.

ನಾನೀಗ ಮಾಡುತ್ತಿರುವುದು ನಿಯಮಕ್ಕೆ ವಿರುದ್ಧ. ರಕ್ತ ಕೊಟ್ಟವರಿಗೆ ಫಲಿತಾಂಶ ತಿಳಿಸಬೇಕಾದರೆ ನೈತಿಕ ಸಮಿತಿ ಒಪ್ಪಬೇಕು. ಸಮಿತಿ ಸೇರುವುದು ಏಪ್ರಿಲ್ ಮೂರನೇ ವಾರ. ನಮ್ರತಾ-ದಿ ತುರ್ತು ಸಭೆಗೆ ಕಾಗದ ಹಾಕಿದ್ದಾಳೆ, ಅಲ್ಲಿಯವರೆಗೆ ತಡೆ ಅಂದಿದ್ದಾಳೆ. ನಿಮ್ಮ ಮೌಶಿಯ ಕತೆ ಓದಿದ ಮೇಲೆ ತಡೆಯಲು ಆಗುತ್ತಿಲ್ಲ.

ಹನ್ನೆರಡರಲ್ಲಿ ಒಂದು ಬಟ್ಟಲು ಸರಿಯಿಲ್ಲ. ಎಂಟನೆಯದು. ಪ್ರತಿ ಬಡಿತ ಆದ ಮೇಲೆ ಕೋಶ ತನ್ನ ಒಳಗಿನ ಒಂದಿಷ್ಟು ಪೊಟ್ಯಾಸಿಯಂ ಹೊರಗೆ ಬಿಟ್ಟು ಮುಂದಿನ ಬಡಿತಕ್ಕೆ ಅಣಿಯಾಗಬೇಕು. ಅದಕ್ಕೆಂದೇ ಸಣ್ಣ ಬಾಗಿಲುಗಳಿವೆ. ಎಂಟರಲ್ಲಿ ಅರ್ಧದಷ್ಟು ಬಾಗಿಲು ಕೆಲಸ ಮಾಡುವುದಿಲ್ಲ. ನೋಡಲು ಚೆನ್ನಾಗಿಯೇ ಬಡಿಯುತ್ತದೆ, ಆದರೆ ಪ್ರತಿ ಸಲವೂ ಅಣಿಯಾಗುವುದು ತಡ. ಆ ತಡದ ನಡುವೆ ಒಂದು ಬೆಚ್ಚುವಿಕೆಯೋ ಒಂದು ಔಷಧಿಯೋ ಬಂದು ತಟ್ಟಿದರೆ ಮುಗಿಯಿತು. ನಾವು ಹನ್ನೆರಡಕ್ಕೂ ಗಂಟಲು ನೋವಿಗೆ ಎಲ್ಲರೂ ನುಂಗುವ ಒಂದು ಆ್ಯಂಟಿಬಯೋಟಿಕ್ಕಿನ ಹನಿ ಹಾಕಿದೆವು. ಹನ್ನೊಂದು ಏನೂ ಆಗದಂತೆ ಬಡಿದವು. ಎಂಟರಲ್ಲಿ ಬಡಿತ ನಡುಕವಾಯಿತು. ಆಮೇಲೆ ನಿಂತಿತು, ಔಷಧಿ ತೊಳೆದು ತೆಗೆದ ಮೇಲೆಯೇ ಮತ್ತೆ ಬಡಿಯಿತು. ಕಂಪ್ಯೂಟರಿನ ಹೃದಯವೂ ಅದೇ ಹೇಳಿತು. ಭೌತಶಾಸ್ತ್ರದ ನಿತಿನ್ “ವಾಹ್, ಮಾಡೆಲ್ ತಾಳೆಯಾಯಿತು!” ಎಂದು ಮೇಜು ಬಡಿದ. ನಾನು ಎದ್ದು ಹೊರಗೆ ಹೋದೆ. ಎಂಟು ಯಾರದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಆಗಸ್ಟಿನಲ್ಲಿ ನಿಮ್ಮ ಫಾರಂ ಬರೆದವಳು ನಾನೇ. ಎಂಟು ನೀವು, ಒಂಬತ್ತು ನಾನು.

ಮಾಮಾ, ನಾಳೆಯೇ ಹುಬ್ಬಳ್ಳಿಗೆ ಹೋಗಿ ಹೃದಯದ ಡಾಕ್ಟರಿಗೆ ಈ ಕಾಗದ ತೋರಿಸಿ. ಬಸ್ಸಿನ ಹಿಂದೆ ಓಡಬೇಡಿ. ಒಬ್ಬರೇ ಹೋಗಬೇಡಿ. ನಾನು ದಿನಕ್ಕೆ ನಾಲ್ಕು ಸಲ ಆ ಬಟ್ಟಲನ್ನು ನೋಡುತ್ತೇನೆ, ಅದು ಬಡಿಯುತ್ತಿದ್ದರೆ ನೀವಿದ್ದೀರಿ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ವಿಜ್ಞಾನ ಓದಿದವಳು ಹೀಗೆ ಯೋಚಿಸಬಾರದು.

ನನಗೂ ಗಂಟಲು ಕೆಟ್ಟಿದೆ, ಅಮ್ಮನಿಗೆ ಹೇಳಬೇಡಿ. ಅದೇ ಮಾತ್ರೆ, ಇವತ್ತಿನಿಂದ ಐದು ದಿನ. ನನ್ನ ಚಿಂತೆ ಬೇಡ. ಒಂಬತ್ತನೇ ಬಟ್ಟಲು ಅದನ್ನು ಕುಡಿದೂ ಗಡಿಯಾರದಂತೆ ಬಡಿದದ್ದನ್ನು ಕಣ್ಣಾರೆ ನೋಡಿದ್ದೇನೆ.

ಚಿನ್ನು

—

ಧಾರವಾಡ
30 ಮಾರ್ಚ್ 2025

ಚಿನ್ನೂ,

ನಿನ್ನ ಕಾಗದ ನಿನ್ನೆ ಹನ್ನೊಂದು ಗಂಟೆಗೆ ಬಂತು. ಏನಾಯಿತೆಂದು ಸರದಿಯಿಂದ ಬರೆಯುತ್ತೇನೆ, ಇಲ್ಲವಾದರೆ ಬರೆಯಲು ಆಗುವುದಿಲ್ಲ.

ನಾನು ಹೆದರುವುದಿಲ್ಲ ಎಂದು ಬರೆದಿದ್ದೆನಲ್ಲ, ಆ ಕಾಗದ ಡಬ್ಬಿಗೆ ಹಾಕಿ ನೇರ ಹುಬ್ಬಳ್ಳಿಗೆ ಹೋಗಿ ಇಸಿಜಿ ಮಾಡಿಸಿಕೊಂಡಿದ್ದೆ. ಮಾಮಿಗೂ ಹೇಳಿರಲಿಲ್ಲ. ಎಲ್ಲ ಸರಿಯಿದೆ ಎಂದಿದ್ದರು. ನಿನ್ನ ಕಾಗದದಲ್ಲಿ “ಎಂಟು” ಎಂದು ಓದಿದಾಗ ನನ್ನ ಮನಸ್ಸಿಗೆ ಬಂದ ಮೊದಲ ಮಾತು ಇದು: ಸದ್ಯ, ನಾನಲ್ಲ.

ಯಾಕೆಂದರೆ ಎಂಟು ನನ್ನದಲ್ಲ ಎಂದು ನನಗೆ ಗೊತ್ತಿತ್ತು.

ಅವತ್ತು ರಕ್ತ ತೆಗೆದಾದ ಮೇಲೆ ನೀನು ನನಗೆ ಚಹಾ ತರಲು ಹೋದೆ. ದೇವೇಂದ್ರ ನಮ್ಮಿಬ್ಬರ ಕೊಳವೆಗಳನ್ನು ಎಡಬಲಕ್ಕೆ ನಿಲ್ಲಿಸಿ, ಚೀಟಿಗಳನ್ನು ಮುಂದಿಟ್ಟು, ಯಾರೋ ಕರೆದರೆಂದು ಬಾಗಿಲಿಗೆ ಹೋದ. ನನ್ನ ಕೊಳವೆಯ ಮುಂದೆ ಎಂಟು. ಮೂವತ್ತೈದು ವರ್ಷ ಮಕ್ಕಳಿಗೆ ಎಂಟರ ಮಗ್ಗಿ ಕಲಿಸಿದ್ದೇನೆ, ಶನಿಯ ಅಂಕಿ ಎಂದು ಹೆದರುವವರನ್ನು ವೇದಿಕೆಯ ಮೇಲೆ ನಿಂತು ನಗೆಯಾಡಿದ್ದೇನೆ. ಅಪ್ಪ ಹೋದದ್ದು ಎಂಟನೇ ತಾರೀಖು, ನನ್ನ ಸ್ಕೂಟರ್ ಲಾರಿಗೆ ಬಡಿದದ್ದು ಎಂಟನೇ ತಾರೀಖು. ಹೃದಯದ ಕೆಲಸ, ಎಂಟು ಬೇಡ ಅನಿಸಿತು. ಸಹಾಯ ಮಾಡುವವನಂತೆ ನಾನೇ ಚೀಟಿ ಅಂಟಿಸಿದೆ. ಒಂಬತ್ತು ನನಗೆ, ಎಂಟು ನಿನಗೆ. ದೇವೇಂದ್ರ ಬಂದು “ಥ್ಯಾಂಕ್ ಯೂ ದಾದಾ” ಅಂದ. ನೀನು ಚಹಾ ತಂದೆ.

ನಿನ್ನೆ ಆ ಒಂದು ಮಾತು, “ಸದ್ಯ, ನಾನಲ್ಲ”, ಎಷ್ಟು ಹೊತ್ತು ಇತ್ತೆಂದು ಹೇಳಿಬಿಡುತ್ತೇನೆ. ಮಾಮಿ ಗಿರಮಿಟ್ ಕೊಟ್ಟಿದ್ದಳು. ಖುಷಿಯಿಂದ ಅರ್ಧ ತಟ್ಟೆ ತಿಂದೆ. ಅರ್ಧ ತಟ್ಟೆಯಷ್ಟು ಹೊತ್ತು ನಾನು ಸುಖಿಯಾಗಿದ್ದೆ, ಚಿನ್ನೂ. ಆಮೇಲೆ ಎಂಟು ಯಾರದೆಂದು ಹೊಳೆಯಿತು. ನಿನ್ನ ಗಂಟಲ ಮಾತ್ರೆಯ ಸಾಲು ಮತ್ತೊಮ್ಮೆ ಓದಿದೆ.

ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೆರಡನೆಯದಕ್ಕೆ ನೀನು ಎತ್ತಿದೆ.

“ಚಿನ್ನೂ, ಆ ಗುಳಿಗಿ ತಗೋಬ್ಯಾಡ.”

“ಈಗಷ್ಟ ನುಂಗೀನಿ ಮಾಮಾ. ಯಾಕ? ನೀವು ಡಾಕ್ಟರ್ ಕಡೆ ಹೋದ್ರೇನು?”

“ಎಂಟು ನಂದಲ್ಲ. ನಿಂದು. ಚೀಟಿ ನಾ ಬದಲಿ ಮಾಡಿದ್ದೆ.”

ಏನೋ ಬಿದ್ದ ಸಪ್ಪಳ ಕೇಳಿಸಿತು. ಫೋನು ಬಿತ್ತೋ ನೀನು ಬಿದ್ದೆಯೋ ತಿಳಿಯಲಿಲ್ಲ. ಕೂಗಿದೆ. ಬಹಳ ಹೊತ್ತಿನ ಮೇಲೆ ದೇವೇಂದ್ರನ ದನಿ: “ಕೌನ್? ಅಸ್ಪತಾಲ್ ಲೇ ಜಾ ರಹೇ ಹೈಂ,” ಆಸ್ಪತ್ರೆಗೆ ಒಯ್ಯುತ್ತಿದ್ದೇವೆಂದು, ಅಷ್ಟೇ.

ಸಂಜೆ ನಿಮ್ಮ ನಮ್ರತಾ ಮೇಡಂ ಫೋನ್ ಮಾಡಿದರು. ಎಚ್ಚರಾಗಿದ್ದೀಯಂತೆ, ಮಾನಿಟರ್ ಹಚ್ಚಿದ್ದಾರಂತೆ. ಹೊರಟುಬಂದೆ ಅಂದೆ. ಈಗ ಬೇಡ, ನೀನೇ ಬೇಡವೆಂದಿದ್ದೀ ಅಂದರು. ನಿನ್ನ ಹಾಸಿಗೆಯ ಹತ್ತಿರ ಫೋನ್ ಇಡುವ ಹಾಗಿಲ್ಲವಂತೆ. ಈ ಬಗೆಯವರು ಬೀಳಲು ಫಕ್ಕನೆ ಹೊಡೆದುಕೊಳ್ಳುವ ಗಂಟೆಯೇ ಸಾಕಂತೆ.

ಹನ್ನೆರಡು ಸಲ ಬಾರಿಸಿದ್ದೆ ನಾನು.

ಪ್ರಾಣೇಶ

—

ಬಾಲಿಗಂಜ್
9 ಏಪ್ರಿಲ್ 2025

ಮಾಮಾ,

ರೂಮಿಗೆ ಬಂದು ನಾಲ್ಕು ದಿನವಾಯಿತು. ಬದುಕಿದ್ದೇನೆ. ಬಿದ್ದದ್ದು ನಾನೇ, ಫೋನಲ್ಲ. ಹದಿನೇಳು ಸೆಕೆಂಡ್ ಎಂದು ದೇವೇಂದ್ರ-ದಾ ಹೇಳಿದ. ಅವನು ಎಲ್ಲವನ್ನೂ ಅಳೆಯುತ್ತಾನೆ. ಆಮೇಲೆ ಮೂಲೆಯಲ್ಲಿ ಕೂತು ಅತ್ತನಂತೆ, ಚೀಟಿ ಅಂಟಿಸುವುದು ತನ್ನ ಕೆಲಸವಾಗಿತ್ತೆಂದು. ಫೆರಿಯ ಮೆಟ್ಟಿಲ ಮೇಲೂ ಇದೇ ಆಗಿದ್ದು. ನಿಂಬೆ ಶರಬತ್ತಿನಿಂದ ಬದುಕಲಿಲ್ಲ ನಾನು, ಸುಮ್ಮನೆ ಬದುಕಿದೆ.

ಬಟ್ಟಲುಗಳ ವರ್ಣತಂತುಗಳ ವರದಿಯೂ ಬಂತು. ಎಂಟರದು ಹೆಣ್ಣಿನ ಕೋಶ, ಒಂಬತ್ತರದು ಗಂಡಿನದು. ಆ ಪರೀಕ್ಷೆ ಮೊದಲೇ ಆಗಬೇಕಿತ್ತು. ನಾನೇ ಮುಂದೂಡಿದ್ದೆ, ಬಡಿತ ನೋಡುವ ಅವಸರಕ್ಕೆ.

ನಿಮ್ಮನ್ನು ಕ್ಷಮಿಸಿದೆ ಎಂದು ಬರೆಯಬೇಕು. ಇವತ್ತು ಬರೆಯುವುದಿಲ್ಲ. ನೀವು ಚೀಟಿ ಮುಟ್ಟದಿದ್ದರೆ ಕೆಟ್ಟ ಬಟ್ಟಲು ನನ್ನದೆಂದು ಮಾರ್ಚ್ ಮೊದಲ ವಾರವೇ ತಿಳಿಯುತ್ತಿತ್ತು. ನಾನು ಒಂದು ತಿಂಗಳು ನಿಮಗಾಗಿ ಹೆದರಿದೆ. ಆ ಹೆದರಿಕೆಯೆಲ್ಲ ವ್ಯರ್ಥವಾಯಿತು, ಈಗ ಮತ್ತೆ ಮೊದಲಿನಿಂದ ಹೆದರಬೇಕು.

ದಿನಕ್ಕೆ ಎರಡು ಮಾತ್ರೆ. ನನಗೆ ಕೊಡುವ ಮುಂಚೆ ನಮ್ರತಾ-ದಿ ಎಂಟನೇ ಬಟ್ಟಲಿಗೆ ಅದರ ಹನಿ ಹಾಕಿದಳಂತೆ, ನಡುಕ ಕಡಿಮೆಯಾಯಿತಂತೆ. ನಾನು ನೋಡಲಿಲ್ಲ. ನನ್ನದೆಂದು ತಿಳಿದ ಮೇಲೆ ಆ ಕೋಣೆಗೆ ಹೋಗಲಾಗುತ್ತಿಲ್ಲ. ಅಲಾರಂ ಗಡಿಯಾರ ಕೊಟ್ಟುಬಿಟ್ಟೆ. ಮನೆಯೊಡತಿ ಕರೆಗಂಟೆಯ ತಂತಿ ಕಿತ್ತಿಸಿದ್ದಾಳೆ, ಕುಕ್ಕರ್ ಇಡುವ ಮುಂಚೆ ಮೆಲ್ಲಗೆ ಬಾಗಿಲು ಸವರಿ “ಸೀಟಿ ಆಶ್ಬೇ” ಅನ್ನುತ್ತಾಳೆ, ಸೀಟಿ ಬರುತ್ತದೆ ಎಂದು. ನಗು ಬರುತ್ತದೆ. ನಕ್ಕರೂ ಕೈ ಎದೆಯ ಮೇಲೆ ಹೋಗುತ್ತದೆ.

ಮೊನ್ನೆ ಕಂಪ್ಯೂಟರಿನಲ್ಲಿ “ಆರೋಗ್ಯವಂತರು” ಪಟ್ಟಿಯಿಂದ ಎಂಟನೇ ಸಾಲನ್ನು ತೆಗೆದು “ರೋಗಿಗಳು” ಪಟ್ಟಿಗೆ ಹಾಕಬೇಕಾಯಿತು. ನಿತಿನ್ ತಾನು ಮಾಡುತ್ತೇನೆಂದ. ನಾನೇ ಮಾಡಿದೆ. ಎರಡು ಬೆರಳಿನ ಕೆಲಸ.

ಇನ್ನು ಮುಖ್ಯ ಮಾತು. ಇದು ತಾಯಿಯಿಂದಲೋ ತಂದೆಯಿಂದಲೋ ಬರುತ್ತದೆ. ನಿಮ್ಮ ಮೌಶಿಗೂ ಇತ್ತೆಂದರೆ ನನಗೆ ಬಂದದ್ದು ಅಮ್ಮನಿಂದ. ಅಮ್ಮನಿಗೆ ಏನೂ ಹೇಳದೆ, ಏನಾದರೂ ನೆವ ಮಾಡಿ ಇಸಿಜಿ ಮಾಡಿಸಿ. ಇದನ್ನು ನೀವು ಮಾಡಬೇಕು. ಮೆಲ್ಲಗೆ ಮಾಡಬೇಕು.

ಚಿನ್ಮಯಿ

—

ಧಾರವಾಡ
20 ಏಪ್ರಿಲ್ 2025

ಚಿ. ಚಿನ್ಮಯಿಗೆ,

ನೆವ ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ವೇದಿಕೆಯಿಂದ ಹಿರಿಯರಿಗೆ ಉಚಿತ ತಪಾಸಣೆ, ಮಂದಿ ಕಡಿಮೆ ಬಿದ್ದಿದ್ದಾರೆ, ಬಂದು ನನ್ನ ಮಾನ ಉಳಿಸು ಎಂದು ಅಕ್ಕನಿಗೆ ಹೇಳಿದೆ. “ನಿನಗ ಮಾನ ಯಾವಾಗ ಬಂತು?” ಎನ್ನುತ್ತಲೇ ನಿನ್ನ ಅಮ್ಮ ರುಕ್ಮಿಣಿಬಾಯಿಯವರು ಹೊಸ ಸೀರೆ ಉಟ್ಟು ಹೊರಟರು. ದಾರಿಯಲ್ಲಿ ಆಟೋದವನಿಗೆ ಹಾರ್ನ್ ಹೊಡೆಯಬೇಡವೆಂದು ಆರು ಸಲ ಹೇಳಿದೆ. ಅವನು ಒಂದು ಸಲ ನನ್ನನ್ನು, ಒಂದು ಸಲ ಹಾರ್ನನ್ನು ನೋಡಿದ.

ಡಾಕ್ಟರು ಇಸಿಜಿಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಡಿತದ ನಂತರದ ಆ ತಡ ಉದ್ದವಿದೆ. ನಿನ್ನಷ್ಟೇ. ನಾನು ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅಕ್ಕನೇ ಸೆರಗು ಸರಿ ಮಾಡಿಕೊಂಡು ಮಾತಾಡಿದಳು.

“ಪ್ರಾಣ್ಯಾ, ಚಿನ್ನೂಗ ಏನಾಗೇದ?”

“ಏನಿಲ್ಲ ಅಕ್ಕಾ.”

“ಸುಳ್ಳ ಹೇಳಬ್ಯಾಡ. ಹದಿನೈದು ದಿನ ಆತು, ಆಕಿ ಫೋನಿನಾಗ ಪಿಸುಮಾತ ಆಡ್ತಾಳ. ಬಿದ್ದಳೇನು?”

ಹೇಳಿದೆ. ಎಲ್ಲವನ್ನೂ, ಚೀಟಿಯನ್ನೂ. ಬೈಯುತ್ತಾಳೆಂದು ಕಾದೆ. ಅವಳು ಗೋಡೆ ನೋಡುತ್ತ ಹೇಳಿದಳು: “ಮೌಶಿ ಹೋದ ಮ್ಯಾಲೆ ನಾನೂ ಬೀಳಲಿಕ್ಕೆ ಸುರು ಮಾಡಿದೆ. ಅವ್ವಗ ಅಷ್ಟ ಗೊತ್ತಿತ್ತು. ಹೊರಗ ಹೇಳಿದ್ರ ನನ್ನ ಯಾರು ಮಾಡ್ಕೋತಿದ್ರು? ಚಿನ್ನೂನ ಅಪ್ಪಗೂ ಹೇಳಲಿಲ್ಲ, ಅವರು ಹೋಗೂ ತನಕ.” ಐವತ್ತು ವರ್ಷ, ಚಿನ್ನೂ. ನನ್ನ ಪಕ್ಕದ ಮನೆಯಲ್ಲಿ. ಪ್ರತಿ ದೀಪಾವಳಿಗೆ ಕಿವಿಗೆ ಅರಳೆ ಇಟ್ಟುಕೊಂಡು ದೇವರ ಕೋಣೆಯಲ್ಲಿ ಬಾಗಿಲು ಹಾಕಿ ಕೂರುತ್ತಿದ್ದಳು. ಮಡಿ ಎಂದು ನಾನು ಭಾಷಣದಲ್ಲಿ ನಗೆಯಾಡುತ್ತಿದ್ದೆ.

ಅವಳಿಗೂ ಮಾತ್ರೆ ಶುರುವಾಗಿದೆ. ಉಳಿದದ್ದನ್ನು ಅವಳೇ ಬರೆಯುತ್ತಾಳಂತೆ. ಓದಬೇಡ ಎಂದು ನನ್ನನ್ನು ಆಚೆ ಕಳಿಸಿದ್ದಾಳೆ.

ಮಾಮಾ

ಚಿನ್ನೂ, ನಾನು ನಿನ್ನ ಅಮ್ಮ. ನೀ ನಾಕು ವರ್ಷದಾಕಿ ಇದ್ದಾಗ ಪಟಾಕಿ ಸಪ್ಪಳಕ್ಕ ಒಮ್ಮೆ ಬಿದ್ದಿದ್ದಿ. ಏಳು ವರ್ಷದಾಕಿ ಇದ್ದಾಗ ಸಾಲಿ ಗಂಟಿಗೆ ಇನ್ನೊಮ್ಮೆ. ಎರಡೂ ಸಲ ನಾನ ಎತ್ತಿಕೊಂಡೆ. ಯಾಕ ಬಿದ್ದಿ ಅಂತ ನನಗ ಗೊತ್ತಿತ್ತು. ದೃಷ್ಟಿ ತಗದು, ನಿನಗ ಬಿಸಿಲು ಹತ್ತಿತ್ತು ಅಂತ ಹೇಳಿದೆ. ಡಾಕ್ಟರ್ ಕಡೆ ಒಯ್ಯಲಿಲ್ಲ. ಒಯ್ದರ ಗೊತ್ತಾಗತದ ಅಂತ ಅಂಜಿದೆ. ನಿನಗ ನೆನಪಿಲ್ಲ, ನನಗ ದಿನಾ ನೆನಪದ.

ನನಗ ಬೈದು ಒಂದು ಕಾಗದ ಬರಿ. ಹೆಂಗರ ಬೈ. ಬೈಗಳು ಬಂದರ ನೀ ಇದ್ದೀ ಅಂತ ತಿಳಕೋತೀನಿ.